ಇವತ್ತಿನ ಕಲೆಕ್ಷನ್ ಎಷ್ಟು, ಕಂಡಕ್ಟ್ರೇ?

ಬೆಳಿಗ್ಗೆ ಏಳಕ್ಕೆ ಅಪ್ಪನ ಫೋನ್ ಹೊಡೆದುಕೊಂಡರೆ ಅದು ಗೌಡ್ರದ್ದೇ. “ಇವತ್ತಿನ ಕಲೆಕ್ಷನ್ ಎಷ್ಟು, ಕಂಡಕ್ಟ್ರೇ?” ಅಪ್ಪ ತೂಕ ಹೇಳುತ್ತಾರೆ. ಮೈಸೂರು ಡಿಪೋದಲ್ಲಿ ಒಂದೇ ಬಸ್ಸಿನಲ್ಲಿ ಡ್ರೈವರು, ಕಂಡಕ್ಟರು ಆಗಿದ್ದವರು ಇಬ್ಬರೂ.

ಅಪ್ಪನದು ಹಾರ್ಟ್ ಫೇಲ್ಯೂರ್. ಒಂದೊಂದು ಬಡಿತಕ್ಕೆ ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರತಳ್ಳುತ್ತದೆ ಅನ್ನುವ ಲೆಕ್ಕವೇ ಇಎಫ್. ಆರೋಗ್ಯವಂತರಿಗೆ 55ರ ಮೇಲಿರಬೇಕಾದ ಅದು ಅಪ್ಪನ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, 30 ಬಂದಿತ್ತು. ಹೃದಯ ಸರಿಯಾಗಿ ಪಂಪ್ ಮಾಡದಿದ್ದರೆ ಕಾಲಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅದಕ್ಕೇ ದಿನಾ ತೂಕ ನೋಡುವುದು. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಡಾಕ್ಟರಿಗೆ ತಿಳಿಸಬೇಕು.

ನೋಡಲು ಬಂದ ನೆಂಟರೆಲ್ಲ ಎಳನೀರು ತಂದರು. ಅಪ್ಪ ನುಂಗುವ ಮಾತ್ರೆಯೊಂದು ಪೊಟ್ಯಾಸಿಯಂ ಏರಿಸುತ್ತದೆ, ಜೊತೆಗೆ ಎಳನೀರೂ ಬೇಡ ಎಂದಿದ್ದರು ಡಾಕ್ಟರು. ಹಾಗಂದರೆ ನೆಂಟರಿಗೆ ಮುನಿಸು. ಕಾಯಿಲೆಗಿಂತ ಈ “ಅಯ್ಯೋ ಪಾಪ”ವೇ ಅಪ್ಪನನ್ನು ಹೆಚ್ಚು ಸುಸ್ತು ಮಾಡಿತು ಅಂತ ನನಗನ್ನಿಸುತ್ತದೆ.

ಕಳೆದ ತಿಂಗಳು ಡಿಪೋದ ಇನ್ನೊಬ್ಬ ಗೆಳೆಯರ ಮಗಳ ಮದುವೆ. ಅಮ್ಮ ಬೇಡವೇ ಬೇಡ ಅಂದಳು. ಅವಳ ಭಯವೂ ಸುಳ್ಳಲ್ಲ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ ಉಪ್ಪು ದಾಟಬಾರದು ಅಂದಿದ್ದರು. ಹಪ್ಪಳ, ಉಪ್ಪಿನಕಾಯಿ, ಸಾರು ಸೇರಿದರೆ ಒಂದೇ ಊಟದಲ್ಲಿ ಅದು ಮುಗಿಯುತ್ತದೆ.

ಗೌಡ್ರು ಹಿಂದಿನ ದಿನವೇ ಛತ್ರಕ್ಕೆ ಹೋಗಿ ಅಡುಗೆ ಭಟ್ಟರ ಹತ್ತಿರ ಮಾತಾಡಿ ಬಂದಿದ್ದರು. ಉಪ್ಪು ಹಾಕುವ ಮೊದಲೇ ಒಂದು ಚಿಕ್ಕ ಪಾತ್ರೆಯಷ್ಟು ಸಾರು, ಪಲ್ಯ ಬೇರೆ ತೆಗೆದಿಟ್ಟಿದ್ದರು ಭಟ್ಟರು. ಬಡಿಸುವ ಹುಡುಗ ಎಲೆ ತುದಿಗೆ ಉಪ್ಪು ಇಡಲು ಬಗ್ಗಿದಾಗ ಗೌಡ್ರು ತಮ್ಮ ಅಂಗೈಯನ್ನೇ ಅಡ್ಡ ಇಟ್ಟರು. ಅಪ್ಪನ ಜಾಗ ಪಂಕ್ತಿಯ ಕೊನೆಯ ಕುರ್ಚಿ, ಬಾಗಿಲ ಪಕ್ಕ. ಮೈಯಲ್ಲಿ ತುಂಬಿದ ನೀರನ್ನು ಮೂತ್ರವಾಗಿ ಹೊರಹಾಕಿಸುವ ನೀರಿನ ಮಾತ್ರೆ ನುಂಗಿದವರು ಊಟದ ಮಧ್ಯೆ ಎದ್ದು ಹೋಗಬೇಕಾಗುತ್ತದೆ, ಹತ್ತು ಜನರ ಮುಂದೆ ಮುಜುಗರ. ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಸಪ್ಪೆ ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡು ಅಪ್ಪ ಚೆನ್ನಾಗಿಯೇ ಉಂಡರು. ಹಳೆಯ ಚೆಕಿಂಗ್ ಇನ್‌ಸ್ಪೆಕ್ಟರೊಬ್ಬರ ಧಾಟಿ ಅನುಕರಿಸಿ ಇಡೀ ಸಾಲನ್ನು ನಗಿಸಿದರು. ಆ ಕಲೆ ಮನೆಯಲ್ಲಿ ನಿಂತುಹೋಗಿ ಬಹಳ ಕಾಲವಾಗಿತ್ತು.

ಕೈ ತೊಳೆಯುವಲ್ಲಿ ಗೌಡ್ರು ನನ್ನನ್ನು ಪಕ್ಕಕ್ಕೆ ಕರೆದರು. “ಈ ಸಲ ಚೆಕಪ್ಪಿಗೆ ನಾನೇ ಕರ್ಕೊಂಡು ಹೋಗ್ತೀನಿ ಕಣಮ್ಮ. ನಿನ್ನೆದುರಿಗೆ ಅವನು ಡಾಕ್ಟರಿಗೆ ನಿಜ ಹೇಳಲ್ಲ. ರಾತ್ರಿ ಒಂದು ದಿಂಬಲ್ಲಿ ಉಸಿರು ಕಟ್ಟುತ್ತೆ ಅಂತ ಮೂರು ಹಾಕ್ಕೋತಾನಂತೆ, ಗೊತ್ತಾ?”

ಗೊತ್ತಿರಲಿಲ್ಲ. ಅವರಿಬ್ಬರೇ ಹೋಗಿ ಬಂದರು. ನೀರಿನ ಮಾತ್ರೆಯ ಡೋಸ್ ಏರಿಸಿದ್ದಾರೆ.