ಬೀನ್ಸ್ ಹೆಚ್ಚುವ ಹೊತ್ತಿಗೆ

ಬೆಳಿಗ್ಗೆ ಬೀನ್ಸ್ ಹೆಚ್ಚುತ್ತಾ ಸುಮ್ನೆ ಸಾಂಟಾನಾ ಎಂಬ ರಾಕ್ ತಂಡದ 'ಅಬ್ರಾಕ್ಸಸ್' ಹಾಕಿದೆ. 1970ರ ಆಲ್ಬಂ.

'ಬ್ಲ್ಯಾಕ್ ಮ್ಯಾಜಿಕ್ ವುಮನ್' ಹಾಯಾಗಿ ತೇಲುತ್ತಿತ್ತು. ಕೊನೆಗೆ ಅದು 'ಜಿಪ್ಸಿ ಕ್ವೀನ್'ಗೆ ಹೊರಳಿದ್ದೇ ತಡ, ಕಾಂಗಾ ಡ್ರಮ್ ಜೊತೆ ನನ್ನ ಚಾಕುವೂ ಓಡಿತು. ಬೆರಳು ಉಳಿದದ್ದೇ ಪುಣ್ಯ!

ಮೊದಲನೆಯದು ಲಂಡನ್ನಿನ ಪೀಟರ್ ಗ್ರೀನ್ ಬರೆದ ಬ್ಲೂಸ್. ಎರಡನೆಯದು ಹಂಗೇರಿಯಲ್ಲಿ ಹುಟ್ಟಿದ ಗಾಬೊರ್ ಸಾಬೊ ಅವರದು. ನುಡಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋದ ತಂಡ, ಗಿಟಾರ್ ಹಿಡಿದ ಕಾರ್ಲೋಸ್ ಸಾಂಟಾನಾ ಹುಟ್ಟಿದ್ದು ಮೆಕ್ಸಿಕೋದಲ್ಲಿ. ಮುಂದಿನ 'ಓಯೆ ಕೊಮೊ ವಾ' ಟಿಟೊ ಪುಯೆಂಟೆ ಬರೆದ ಚಾ-ಚಾ-ಚಾ, ಅಂದರೆ ಕ್ಯೂಬಾ ಕುಣಿತದ ಹಾಡು. ಅದರೊಳಗೆ ಹ್ಯಾಮಂಡ್ ಆರ್ಗನ್ ಬೇರೆ ಗುರ್ ಅನ್ನುತ್ತದೆ.

ಇಷ್ಟೆಲ್ಲಾ ಸೇರಿದರೂ ಹೊಲಿಗೆ ಎಲ್ಲಿದೆ ಅಂತ ಕಿವಿಗೆ ಸಿಗುವುದಿಲ್ಲ, ಅಲ್ವಾ?

ನನ್ನ ಬೀನ್ಸ್ ಮಾತ್ರ ಅರ್ಧ ಸಣ್ಣ, ಅರ್ಧ ದಪ್ಪ. ಹಾಡು ಎಲ್ಲಿ ಬದಲಾಯಿತು ಅಂತ ತಟ್ಟೆ ನೋಡಿದರೇ ಗೊತ್ತಾಗುತ್ತಿತ್ತು.