ಯಾರ ಕಡೆಯಿಂದ ಬಂತು ಅಂತ ಕೇಳಿದರಂತೆ

17 ಸೆಪ್ಟೆಂಬರ್ 2024, ಮಂಗಳವಾರ

ಅಣ್ಣನ ಮಗಳು ಪುಟ್ಟಿಯ ಫಿಶ್ ರಿಪೋರ್ಟ್ ಬಂತು, ಜೀನ್‌ಗಳಿಗೆ ಹೊಳೆಯುವ ಬಣ್ಣ ಅಂಟಿಸಿ ನೋಡುವ ಪರೀಕ್ಷೆ ಅದು. ಇಟಿವಿ6-ರನ್‌ಎಕ್ಸ್1 ಪಾಸಿಟಿವ್, ಅಂದರೆ ಆ ಹೆಸರಿನ ಎರಡು ಜೀನ್‌ಗಳು ಬೆಸೆದುಕೊಂಡಿವೆ. ಹೋದ ಜೀವ ಬಂದಂತಾಯಿತು. ಲುಕೇಮಿಯಾ, ರಕ್ತದ ಕ್ಯಾನ್ಸರ್, ಅನ್ನೋದು ಮೊದಲೇ ಗೊತ್ತಿತ್ತು, ಯಾವ ಗುಂಪಿನದು ಅನ್ನೋದು ಬಾಕಿ ಇತ್ತು. ಮಕ್ಕಳಿಗೆ ಬರುವ ಬಿ-ಸೆಲ್ ಎಎಲ್‌ಎಲ್ ಅನ್ನೋ ಲುಕೇಮಿಯಾದಲ್ಲಿ ಸುಮಾರು ಕಾಲು ಭಾಗ ಈ ಗುಂಪಿನದು. ಔಷಧಿಗೆ ಚೆನ್ನಾಗಿ ಬಗ್ಗುತ್ತದೆ.

ಅತ್ತಿಗೆಗೆ ಫೋನ್ ಮಾಡಿ ಖುಷಿಯಿಂದಲೇ ಹೇಳಿದೆ. ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಜೀನ್‌ನಲ್ಲೇ ಬದಲಾವಣೆ ಅಂತ ಬರೆದಿದ್ದಾರೆ. ಅಂದ್ರೆ ನನ್ನಿಂದ ಬಂದಿದ್ದು, ಅಲ್ವಾ?" ಅಂದರು.

ನೋಡೋಕೆ ಬಂದವರು ಯಾರೋ "ಯಾರ ಕಡೆಯಿಂದ ಬಂತು" ಅಂತ ಕೇಳಿ ಹೋಗಿದ್ದಾರೆ. ಮಗು ಡ್ರಿಪ್ ಹಾಕಿಸಿಕೊಂಡು ಮಲಗಿರುವಾಗ, ತಾಯಿ ಎದುರಿಗೇ ಕೂತಿರುವಾಗ ಕೇಳುವ ಮಾತಾ ಇದು? ಮೈಯೆಲ್ಲಾ ಉರಿದುಹೋಯಿತು.

ನಿಮ್ಮಿಂದಲೂ ಅಲ್ಲ, ಅಣ್ಣನಿಂದಲೂ ಅಲ್ಲ ಅಂತ ಮತ್ತೆ ಮತ್ತೆ ಹೇಳಿದೆ. ನೀವಿಬ್ಬರೂ ಕೊಟ್ಟ ಕ್ರೋಮೋಸೋಮ್‌ಗಳಲ್ಲಿ ಇದು ಇರಲೇ ಇಲ್ಲ. ಆಮೇಲೆ ಅವಳ ರಕ್ತದ ಒಂದೇ ಒಂದು ಕೋಶದಲ್ಲಿ 12ನೇ ಕ್ರೋಮೋಸೋಮೂ 21ನೆಯದೂ ಮುರಿದು, ತುಂಡುಗಳು ಅದಲುಬದಲಾಗಿ ಅಂಟಿಕೊಂಡವು. ಆ ಕೋಶದಿಂದ ಹುಟ್ಟಿದ ಕೋಶಗಳಲ್ಲಿ ಮಾತ್ರ ಅದು ಇರೋದು. ಮುಂದೆ ಪುಟ್ಟಿಗೆ ಮಕ್ಕಳಾದರೆ ಅವರಿಗೂ ಹೋಗಲ್ಲ.

"ಯಾವಾಗ ಮುರೀತು?"

ಇಲ್ಲಿ ಸ್ವಲ್ಪ ತಡವರಿಸಿದೆ. ಈ ಬೆಸುಗೆ ಎಷ್ಟೋ ಸಲ ಮಗು ಹೊಟ್ಟೆಯಲ್ಲಿದ್ದಾಗಲೇ ಆಗಿರುತ್ತದೆ. ಲುಕೇಮಿಯಾ ಬಂದ ಮಕ್ಕಳು ಹುಟ್ಟಿದಾಗ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ಇಳಿಸಿಟ್ಟ ರಕ್ತದ ಚುಕ್ಕೆಗಳಲ್ಲೇ ಲುಕೇಮಿಯಾ ಸಂಶೋಧಕ ಮೆಲ್ ಗ್ರೀವ್ಸ್ ಮತ್ತು ಜೊತೆಗಾರರು 1999ರಲ್ಲಿ ಇದನ್ನು ಪತ್ತೆ ಹಚ್ಚಿದರು. ಹೊಟ್ಟೆಯಲ್ಲಿದ್ದಾಗ ಅಂದ ಕೂಡಲೇ ಅತ್ತಿಗೆ ಏನು ತಿಂದೆ, ಎಲ್ಲಿ ಓಡಾಡಿದೆ ಅಂತ ಲೆಕ್ಕ ಹಾಕಲು ಕೂರುತ್ತಾರೆ. ಆದರೂ ಮುಚ್ಚಿಡಲು ಮನಸ್ಸಾಗಲಿಲ್ಲ. ನೂರು ಕೂಸುಗಳಲ್ಲಿ ಒಂದಕ್ಕಾದರೂ ಇದು ಇರುತ್ತದೆ, ಬಹುಪಾಲು ಮಕ್ಕಳಿಗೆ ಕಾಯಿಲೆಯೇ ಬರೋದಿಲ್ಲ, ಆ ಕೋಶಕ್ಕೆ ಆಮೇಲೆ ಇನ್ನಷ್ಟು ಏಟು ಬಿದ್ದರೆ ಮಾತ್ರ ಕಾಯಿಲೆ ಅಂತಲೂ ಹೇಳಿದೆ. ಅತ್ತರು. ಅತ್ತು, ಪುಟ್ಟಿಯ ತಮ್ಮನಿಗೂ ಟೆಸ್ಟ್ ಮಾಡಿಸಬೇಕಾ ಅಂದರು. ಬೇಡ. ಒಂದೇ ಥರದ ಅವಳಿಯಾಗಿದ್ದರೆ ಮಾತು ಬೇರೆ, ಹೊಟ್ಟೆಯಲ್ಲಿ ರಕ್ತ ಹಂಚಿಕೊಂಡಿರುತ್ತಾರೆ.

ಲ್ಯಾಬ್‌ನ ಕತ್ತಲೆ ಕೋಣೆಯಲ್ಲಿ ಇಂಥ ಸ್ಲೈಡ್‌ಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಕ್ರೋಮೋಸೋಮ್‌ಗಳನ್ನು ಸಾಲಾಗಿ ಜೋಡಿಸಿ ನೋಡುವ ಸಾಮಾನ್ಯ ಕ್ಯಾರಿಯೋಟೈಪ್‌ನಲ್ಲಿ ಈ ಅದಲುಬದಲು ಕಣ್ಣಿಗೇ ಬೀಳಲ್ಲ, ತುಂಡುಗಳ ಪಟ್ಟೆಗಳು ಅಷ್ಟು ಒಂದೇ ಥರ. ಅದಕ್ಕೇ ಬೇಕಾದ ಜೀನ್‌ಗೇ ಹೋಗಿ ಅಂಟುವ ಹೊಳೆಯುವ ಪ್ರೋಬ್ ಬೇಕು, ಒಂದು ಜೀನ್‌ಗೆ ಕೆಂಪು, ಇನ್ನೊಂದಕ್ಕೆ ಹಸಿರು. ನೀಲಿ ನ್ಯೂಕ್ಲಿಯಸ್ ಒಳಗೆ ಎರಡು ಕೆಂಪು, ಎರಡು ಹಸಿರು ಚುಕ್ಕೆ ಬೇರೆ ಬೇರೆ ಕಂಡರೆ ಸರಿ. ಕೆಂಪು ಹಸಿರು ಅಂಟಿಕೊಂಡು ಹಳದಿ ಕಂಡರೆ ಬೆಸುಗೆ.

ಇವತ್ತು ಮಧ್ಯಾಹ್ನ ವರ್ಷ ತುಂಬದ ಕೂಸಿನ ಸ್ಲೈಡ್ ಇತ್ತು. ಕೆಎಂಟಿ2ಎ ಅನ್ನೋ ಜೀನ್‌ನ ಪ್ರೋಬ್‌ನಲ್ಲಿ ಲೆಕ್ಕ ಉಲ್ಟಾ, ಒಂದೇ ಜೀನ್‌ನ ಎರಡು ಬದಿಗೆ ಕೆಂಪು ಹಸಿರು ಅಂಟಿರುತ್ತದೆ. ಹಳದಿ ಒಡೆದು ಕೆಂಪು ಹಸಿರು ದೂರ ಹೋಗಿದ್ದರೆ ಕೆಟ್ಟದ್ದು. ಕೋಶದ ಮೇಲೆ ಕೋಶ, ಎಲ್ಲದರಲ್ಲೂ ಒಡೆದಿತ್ತು. ಆ ತಾಯಿಗೂ ಯಾರೋ ಅದೇ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅವಳ ಫೋನ್ ಎತ್ತೋಕೆ ಲ್ಯಾಬ್‌ನಲ್ಲಿ ನಾದಿನಿ ಇಲ್ಲ.

ರಿಪೋರ್ಟ್‌ನ ಕೊನೆಗೆ ಒಂದು ಸಾಲು ಸೇರಿಸಬೇಕು, ಈ ಬದಲಾವಣೆ ತಂದೆತಾಯಿಯಿಂದ ಬಂದದ್ದಲ್ಲ ಅಂತ. ನಾಳೆ ಸರ್ ಹತ್ತಿರ ಕೇಳಬೇಕು. ಆದರೆ ಎಲ್ಲ ರಿಪೋರ್ಟ್‌ಗೂ ಅದೇ ಸಾಲು ಹಾಕೋಕೆ ಆಗಲ್ಲ. ಕ್ರೋಮೋಸೋಮ್ ಸಂಖ್ಯೆ ತುಂಬಾ ಕಡಿಮೆ ಇರುವ ಕೆಲವು ಮಕ್ಕಳಲ್ಲಿ ಕ್ಯಾನ್ಸರ್ ತಡೆಯುವ ಟಿಪಿ53 ಜೀನ್‌ನ ದೋಷ ನಿಜವಾಗಿಯೂ ಮನೆತನದಿಂದಲೇ ಬಂದಿರುತ್ತದೆ. ಅಪರೂಪ, ಆದರೂ ಇದೆ. ಅಂಥವರ ರಿಪೋರ್ಟ್‌ನಲ್ಲಿ ಆ ಸಾಲು ಇಲ್ಲದಿದ್ದರೆ, ಇಲ್ಲದ್ದೇ ಎದ್ದು ಕಾಣುತ್ತದೆ. ಹಾಗಾದರೆ ಅವರಿಗೆ ಏನಂತ ಬರೆಯೋದು