ಸೋಮವಾರ ಬಿಟ್ಟು ಹೊರಡಿ: ಬಿಯಾಫ್ರಾ ಇದ್ದ ನಾಡಿನಲ್ಲಿ

ನೈಜೀರಿಯಾದ ಆಗ್ನೇಯ ಭಾಗಕ್ಕೆ ಹೋಗುವವರು ಟಿಕೆಟ್ ತೆಗೆಸುವ ಮೊದಲು ವಾರ ನೋಡಬೇಕು. ಹಳದಿ ಜ್ವರದ ಲಸಿಕೆ ಕಾರ್ಡು, ವೀಸಾ, ಮಲೇರಿಯಾ ಮಾತ್ರೆ ಎಲ್ಲ ಸರಿಯಿದ್ದರೂ ಭಾನುವಾರ ರಾತ್ರಿ ಒನಿಚಾದಲ್ಲಿ ಇಳಿದರೆ ಮರುದಿನ ಲಾಡ್ಜಿನ ಕಿಟಕಿಯೇ ಗತಿಯಾಗಬಹುದು. 1967ರಲ್ಲಿ ನೈಜೀರಿಯಾದಿಂದ ಬೇರೆಯಾಗಿ, ಯುದ್ಧದಲ್ಲಿ ಸೋತು 1970ರಲ್ಲಿ ಮತ್ತೆ ಅದಕ್ಕೇ ಸೇರಿದ ದೇಶ ಬಿಯಾಫ್ರಾ. ಅದನ್ನು ಮತ್ತೆ ಪ್ರತ್ಯೇಕವಾಗಿ ಕೇಳುವ ಐಪಾಬ್ ಸಂಘಟನೆಯ ನಾಯಕ ನ್ನಾಮ್ಡಿ ಕಾನುವನ್ನು ನೈಜೀರಿಯಾ ಸರ್ಕಾರ 2021ರ ಜೂನ್‌ನಲ್ಲಿ ಕೀನ್ಯಾದಿಂದ ಹಿಡಿದು ತಂದಿತು. ಅದನ್ನು ವಿರೋಧಿಸಿ ಆ ಆಗಸ್ಟ್ 9ರಿಂದ ಸೋಮವಾರ ಮನೆಯಿಂದ ಹೊರಬರಬೇಡಿ ಎಂಬ ಕರೆ ಹೊರಟಿತು. ಸಂಘಟನೆ ಸ್ವಲ್ಪ ದಿನಕ್ಕೇ ಕರೆ ಹಿಂತೆಗೆದುಕೊಂಡಿತು, ಹೆದರಿಕೆ ಮಾತ್ರ ಉಳಿಯಿತು. ಬಾಗಿಲು ತೆರೆದ ಅಂಗಡಿಗೆ, ರಸ್ತೆಗಿಳಿದ ಗಾಡಿಗೆ ಬೆಂಕಿ ಬಿದ್ದದ್ದನ್ನು ಕಂಡವರು ಸರ್ಕಾರದ ಅಭಯವನ್ನು ಸುಲಭವಾಗಿ ನಂಬುವುದಿಲ್ಲ. ಕಾನುವಿಗೆ 2025ರ ನವೆಂಬರ್‌ನಲ್ಲಿ ಜೀವಾವಧಿ ಶಿಕ್ಷೆಯಾಗಿದೆ. ಬಂದ್ ಎಲ್ಲ ಊರಲ್ಲೂ ಒಂದೇ ಸಮ ಇರುವುದಿಲ್ಲ, ಹಿಂದಿನ ದಿನವೇ ಲಾಡ್ಜಿನವರನ್ನು ವಿಚಾರಿಸಿಕೊಳ್ಳಿ.

ಈ ಭಾಗದ ಬಹುಪಾಲು ಜನರಾದ ಇಗ್ಬೊಗಳ ಹಳೆಯ ಸಂತೆವಾರಕ್ಕೆ ನಾಲ್ಕೇ ದಿನ: ಎಕೆ, ಒರಿಯೆ, ಅಫೊ, ನ್ಕ್ವೊ. ಸೋಮವಾರ ಅನ್ನುವುದೇ ಅದರಲ್ಲಿಲ್ಲ. ಆದರೂ ಸಂತೆಯ ದಿನ ಸೋಮವಾರಕ್ಕೆ ಬಿತ್ತೆಂದರೆ ಕೊಯ್ದು ತಂದ ಸೊಪ್ಪು ಬಾಡಬೇಕಾದದ್ದೇ.

ಪ್ರಯಾಣ ಆಸಾಬಾದಿಂದ ಶುರುವಾದರೆ ಒಳ್ಳೆಯದು. ಇದು ನೈಜರ್ ನದಿಯ ಪಶ್ಚಿಮ ದಡದ ಊರು. ಜನ ಇಗ್ಬೊ ಮಾತಿನವರು, ಆದರೆ ಊರು ಬಿಯಾಫ್ರಾಕ್ಕೆ ಸೇರಿರಲಿಲ್ಲ. 1967ರ ಅಕ್ಟೋಬರ್ 7ರಂದು ಊರವರು ಬಿಳಿಯ 'ಆಕ್ವಾ ಓಚಾ' ಉಟ್ಟು, 'ಒಂದೇ ನೈಜೀರಿಯಾ' ಎಂದು ಹಾಡುತ್ತಾ ಕೇಂದ್ರದ ಸೈನಿಕರನ್ನು ಎದುರುಗೊಂಡರು. ಸೈನಿಕರು ಗಂಡಸರನ್ನೂ ಹುಡುಗರನ್ನೂ ಬೇರೆ ಮಾಡಿ ಗುಂಡಿಕ್ಕಿದರು. ಸತ್ತವರು ನೂರಾರು. ಎದುರಿಗೆ ಕಾಣುವ 1965ರ ಸೇತುವೆಯನ್ನು ಹಿಂದೆ ಸರಿಯುತ್ತಿದ್ದ ಬಿಯಾಫ್ರಾ ಪಡೆ ಅದೇ ತಿಂಗಳು ಸಿಡಿಸಿತ್ತು. ಈಗ ಎರಡನೆಯ ಸೇತುವೆಯೂ ಇದೆ. ಸೇತುವೆಯ ಮೇಲಾಗಲಿ ಚೆಕ್‌ಪೋಸ್ಟಿನಲ್ಲಾಗಲಿ ಮೊಬೈಲ್ ಎತ್ತಬೇಡಿ, ಫೋಟೊ ತೆಗೆದವರನ್ನು ಗೂಢಚಾರರೆಂದು ಇಳಿಸಿಕೊಳ್ಳುತ್ತಾರೆ. ಕೆಂಪು, ಕಪ್ಪು, ಹಸಿರು ಪಟ್ಟೆಯ ನಡುವೆ ಅರ್ಧ ಸೂರ್ಯ ಇರುವ ಟೀ ಶರ್ಟು, ಟೋಪಿಯನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅದು ಬಿಯಾಫ್ರಾ ಬಾವುಟ.

ಸೇತುವೆ ದಾಟಿದರೆ ಒನಿಚಾ. ಅಲ್ಲಿನ ಅಪ್ಪರ್ ಇವೆಕಾ ಬಳಿ ದೂರದೂರುಗಳ ಗಾಡಿ ಸಿಗುತ್ತವೆ. ಹೆಚ್ಚಿನವು ಟೊಯೊಟಾ ಸಿಯೆನ್ನಾ, ಸೀಟು ತುಂಬಿದ ಮೇಲೇ ಹೊರಡುವುದು. ಹೊರಡುವ ಮುಂಚೆ ಒಂದು ಹಾಳೆ ಕೈಗೆ ಬರುತ್ತದೆ. ನಿಮ್ಮ ಹೆಸರು, ಮನೆಯವರ ಹೆಸರು, ಅವರ ಫೋನ್ ನಂಬರ್ ಬರೆಯಬೇಕು. ಅಪಘಾತವೋ ಅಪಹರಣವೋ ಆದರೆ ಸುದ್ದಿ ಮುಟ್ಟಿಸಲು ಇರುವುದು ಅದೊಂದೇ, ಹಾಗಾಗಿ ಸುಳ್ಳು ನಂಬರ್ ಬೇಡ. ಊರೊಳಗೆ ಓಡಾಡಲು 'ಕೆಕೆ' ಇದೆ. ನೋಡಿದರೆ ನಮ್ಮದೇ ಬಜಾಜ್ ಆಟೊ! ಕತ್ತಲಾಗುವ ಮೊದಲು ಊರು ಸೇರಬೇಕು. ತಡವಾದರೆ ಚೆಕ್‌ಪೋಸ್ಟಿನಲ್ಲಿ ಒಳಗಿನ ದೀಪ ಹಾಕಿ, ಗಾಜಿಳಿಸಿ, ಕೈ ಕಾಣುವಂತೆ ಕೂತಿರಿ.

ಎನುಗು ಅಲ್ಲಿಂದ ಸುಮಾರು 100 ಕಿಲೋಮೀಟರ್. ಊರಿಗೆ ಮುಂಚೆ ಸಿಗುವ ನೈನ್ತ್ ಮೈಲ್‌ನಲ್ಲಿ ಗಾಡಿ ನಿಂತ ಕೂಡಲೆ ತಲೆಯ ಮೇಲೆ ಪಾತ್ರೆ ಹೊತ್ತ ಹೆಂಗಸರು 'ಓಕ್ಪಾ' ತರುತ್ತಾರೆ. ನೆಲಗಡಲೆಯ ಹಾಗೆ ಮಣ್ಣಿನಡಿ ಬಿಡುವ ಬಂಬಾರಾ ಕಾಳಿನ ಹಿಟ್ಟಿಗೆ ತಾಳೆ ಎಣ್ಣೆ, ಮೆಣಸಿನಕಾಯಿ, ಉಪ್ಪು ಹಾಕಿ ತೆಳ್ಳಗೆ ಕಲಸಿ, ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಹಳದಿ ಕಡುಬು. ಬಿಸಿ ಇದ್ದಾಗಲೇ ತಿನ್ನಬೇಕು, ಆರಿದರೆ ಗಟ್ಟಿ. ಕಲ್ಲಿದ್ದಲಿನ ಊರಾದ ಎನುಗುವಿನಲ್ಲೇ 1967ರ ಮೇ 30ರಂದು ಪೂರ್ವ ಪ್ರಾಂತ್ಯದ ಸೇನಾ ರಾಜ್ಯಪಾಲ ಓಜುಕ್ವು ಬಿಯಾಫ್ರಾದ ಸ್ವಾತಂತ್ರ್ಯ ಘೋಷಿಸಿದ್ದು. ಮೂರು ದಿನ ಮುಂಚೆ ನೈಜೀರಿಯಾದ ಸೇನಾ ಆಡಳಿತಗಾರ ಗೋವೊನ್ ದೇಶವನ್ನು 12 ರಾಜ್ಯಗಳಾಗಿ ಒಡೆದಿದ್ದ. ಹಾಗೆ ಒಡೆದಾಗ ಎಣ್ಣೆಯಿದ್ದ ಕರಾವಳಿಯ ಬಹುಪಾಲು ಇಗ್ಬೊಗಳ ಕೈತಪ್ಪಿ ಇಜಾ, ಎಫಿಕ್, ಇಬಿಬಿಯೊಗಳ ರಾಜ್ಯಗಳಿಗೆ ಹೋಯಿತು. ಬಿಯಾಫ್ರಾವನ್ನು ಆ ಜನರಲ್ಲಿ ಹಲವರು ಇಂದಿಗೂ ತಮ್ಮ ದೇಶವೆಂದು ಹೇಳುವುದಿಲ್ಲ. ಇದು ಗೊತ್ತಿಲ್ಲದೆ ಆ ಕಡೆಯ ಪೋರ್ಟ್ ಹಾರ್ಕೋರ್ಟಿನಲ್ಲಿ ಬಾಯಿ ಬಿಟ್ಟರೆ ಮಾತು ಕೆಡುತ್ತದೆ.

ಎನುಗು ಕೇಂದ್ರದ ಸೈನಿಕರ ವಶವಾದ ಮೇಲೆ ಬಿಯಾಫ್ರಾ ರಾಜಧಾನಿಯಾದದ್ದು ಉಮುವಾಹಿಯಾ. ಅಲ್ಲಿನ ಯುದ್ಧ ವಸ್ತುಸಂಗ್ರಹಾಲಯ 1985ರದು, ಬಿಯಾಫ್ರಾ ರೇಡಿಯೊ ಇದ್ದ ಜಾಗದಲ್ಲೇ ಇದೆ. ಅರ್ಧ ದಿನ ಇಟ್ಟುಕೊಳ್ಳಿ. ಹೊರಗೆ ವಿಮಾನ, ಹಡಗು, ತಗಡು ಬೆಸೆದು ಮಾಡಿದ ಕವಚದ ಗಾಡಿಗಳಿವೆ. ಒಳಗೆ 'ಒಗ್ಬುನಿಗ್ವೆ' ನೋಡದೆ ಬರಬೇಡಿ. ಸಿಡಿಮದ್ದಿನ ಜೊತೆ ಕಬ್ಬಿಣದ ಚೂರು ತುಂಬಿದ ಡಬ್ಬಿ ಅದು, ಹೆಸರಿನ ಅರ್ಥವೇ ಗುಂಪು ಕೊಲ್ಲುವುದು. ಸುತ್ತ ದಿಗ್ಬಂಧನ ಬಿದ್ದಾಗ ಅಲ್ಲಿನ ವಿಜ್ಞಾನಿಗಳೇ ಮಾಡಿಕೊಂಡದ್ದು. ಓಜುಕ್ವುವಿನ ನೆಲಮಾಳಿಗೆ ಊರಲ್ಲೇ ಬೇರೆ ಕಡೆ ಇದೆ, ಕೆಕೆ ಹಿಡಿಯಿರಿ.

ಬಿಯಾಫ್ರಾ ನೋಟು ಕಂಡರೆ ಅದರ ಮುಂದೆ ಸ್ವಲ್ಪ ನಿಲ್ಲಬೇಕು. 1970ರ ಜನವರಿಯಲ್ಲಿ ಯುದ್ಧ ಮುಗಿದು, ಗೆದ್ದವರೂ ಇಲ್ಲ ಸೋತವರೂ ಇಲ್ಲ ಎಂದು ಸಾರಿದ ಮೇಲೆ, ಬ್ಯಾಂಕಿನಲ್ಲಿ ಎಷ್ಟೇ ದುಡ್ಡಿದ್ದ ಇಗ್ಬೊ ಖಾತೆದಾರನಿಗೂ ಕೊಟ್ಟದ್ದು 20 ಪೌಂಡು. 1972ರಲ್ಲಿ ವಿದೇಶಿ ಕಂಪನಿಗಳ ಷೇರು ನೈಜೀರಿಯನ್ನರಿಗೆ ಸಿಕ್ಕಾಗ ಕೊಳ್ಳಲು ಇವರ ಕೈಯಲ್ಲಿ ಕಾಸಿರಲಿಲ್ಲ. ಹಿರಿಯರ ಬಾಯಲ್ಲಿ ಯುದ್ಧದ ಮಾತಿಗಿಂತ ಈ 20 ಪೌಂಡಿನ ಮಾತೇ ಬೇಗ ಬರುತ್ತದೆ. ಅವರಾಗಿ ತೆಗೆದರೆ ಕೇಳಿ, ನೀವಾಗಿ ಕೆದಕಬೇಡಿ.

ವಾಪಸು ಶನಿವಾರವೇ ಹೊರಡಿ. ಸೋಮವಾರ ಸಿಕ್ಕಿಬಿದ್ದಿರೋ, ಮಂಗಳವಾರ ಬೆಳಗ್ಗೆ ಆರರೊಳಗೆ ಗಾಡಿಗಳ ನಿಲ್ದಾಣಕ್ಕೆ ಹೋಗಿ. ಎರಡು ದಿನದ ಜನ ಒಂದೇ ದಿನ ಬಂದಿರುತ್ತಾರೆ.